ರದ್ದು ಮಾಡಿಸಿಕೊಂಡ ಓಬಮ್ಮ

ಆಂಧ್ರದ ಗಡಿಯೊಳಗಿನ ರಾಯದುರ್ಗದಲ್ಲಿ ನನ್ನ ದಾರದ ಅಂಗಡಿ ಇರುವುದು ಜೀನ್ಸ್ ಪ್ಯಾಂಟು ಹೊಲಿಯುವ ಒಂದು ಗಾರ್ಮೆಂಟ್ಸಿನ ಎದುರಿಗೆ. ದಾರ, ಜಿಪ್ಪು, ಗುಂಡಿ, ಸೂಜಿ ಮಾರುತ್ತೇನೆ. ದಾರ ಕೇಳುವವರಿಗಿಂತ ದಾರಿ ಕೇಳುವವರೇ ಹೆಚ್ಚು. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು ಎಂಬ ಸುದ್ದಿ ಹೇಗೋ ಬೀದಿಗೆಲ್ಲ ಹಬ್ಬಿ, ತೆಲುಗಿನದೋ ಇಂಗ್ಲಿಷಿನದೋ ಯಾವ ಕಾಗದ ಬಂದರೂ ತಂದು ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಹರಡುತ್ತಾರೆ. ಕಾನ್ವೆಂಟಿನಲ್ಲಿ ನಾನು ಗಟ್ಟಿಯಾಗಿ ಕಲಿತದ್ದು ಒಂದೇ ವಿದ್ಯೆ, ನೀರು ಕುಡಿಯಲು ಹೋಗಬೇಕಾದರೂ ಕೈಯೆತ್ತಿ ಪರ್ಮಿಷನ್ ಕೇಳುವುದು. ಓಬಮ್ಮ ಪರ್ಮಿಷನ್ ಕೇಳುವ ರೀತಿ ಬೇರೆ. ಈ ಕತೆಯೆಲ್ಲ ಹುಟ್ಟಿದ್ದು ಅದರಿಂದಲೇ, ಆದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ.

ಓಬಮ್ಮ ಡಿ. ಹಿರೇಹಾಳ್ ಕಡೆಯ ಹಳ್ಳಿಯವಳು. ಕುರಿ ಕಾಯುವ ಮನೆತನ. ಮಗಳು ಮಂಜುಳ ಹೊಲಿಗೆ ಕಲಿತು ನಮ್ಮೆದುರಿನ ಗಾರ್ಮೆಂಟ್ಸಿನಲ್ಲಿ ಕೆಲಸ ಹಿಡಿದಾಗ, ಹುಡುಗಿಯೊಬ್ಬಳನ್ನೇ ಪೇಟೆಯಲ್ಲಿ ಬಿಡುವುದು ಹೇಗೆ ಎಂದು ಗಂಡಹೆಂಡಿರಿಬ್ಬರೂ ಹಿಂದೆಯೇ ಬಂದರು. ಗಂಡ ಜುಂಜಣ್ಣ ತನ್ನ ಕುರಿಗಳನ್ನು ತಮ್ಮನ ಮಂದೆಗೆ ಸೇರಿಸಿ, ಕತ್ತರಿಸಿದ ಪ್ಯಾಂಟಿನ ಗಂಟುಗಳನ್ನು ಕೈಗಾಡಿಯಲ್ಲಿ ಮನೆಮನೆಯ ಮಿಷನ್ನುಗಳಿಗೆ ಮುಟ್ಟಿಸುವ ಕೆಲಸಕ್ಕೆ ನಿಂತ. ಕೆಲಸ ಬದಲಾದರೂ ಕೈ ಬದಲಾಗಲಿಲ್ಲ. ಗಂಟುಗಳನ್ನು ಈಗಲೂ ಕುರಿ ಎಣಿಸುವ ಹಾಗೆ ಜೋಡಿ ಜೋಡಿಯಾಗಿ ಎಣಿಸುತ್ತಾನೆ. ಒಂದು ಗಂಟು ಗಾಡಿಯಿಂದ ಜಾರಿ ಬಿದ್ದರೆ, ಎತ್ತುವ ಮೊದಲು ನಾಲಿಗೆಯಿಂದ ಒಂದು ಸಲ 'ಟ್ರುರ್' ಎನ್ನುತ್ತಾನೆ. ಗಂಟು ತಾನಾಗಿ ಎದ್ದು ಬಂದದ್ದನ್ನು ನಾನಂತೂ ನೋಡಿಲ್ಲ.

ಓಬಮ್ಮ ಗಾರ್ಮೆಂಟ್ಸಿನ ಗೇಟಿನ ಪಕ್ಕ ಒಂದು ತಳ್ಳುಗಾಡಿ ಇಟ್ಟಳು. ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಾ. ತೆಲುಗಿನವರು ಅದನ್ನೇ ಉಗ್ಗಾಣಿ ಬಜ್ಜಿ ಎನ್ನುತ್ತಾರೆ. ಹೆಸರು ಯಾವುದಾದರೂ ಖಾರ ಒಂದೇ. ಆದರೆ ಒಲೆ ಹಚ್ಚುವ ಮೊದಲು ಅವಳು ಮಾಡಿದ ಕೆಲಸ ಬೇರೆ ಯಾವ ಗಾಡಿಯವರೂ ಮಾಡಿರಲಿಲ್ಲ. ಅವಳ ಕಡೆ ಕುರಿಯವರು ಮೇವು ಹುಡುಕಿಕೊಂಡು ಪರ ಊರಿಗೆ ಹೋದಾಗ, ಮಂದೆ ನಿಲ್ಲಿಸುವ ಮೊದಲು ಹೊಲದವರ ಕೈಗೆ ಎಲೆ ಅಡಿಕೆ ಇಡುತ್ತಾರೆ. ಹೊಲದವರು ಅದನ್ನು ಬಾಯಿಗೆ ಹಾಕಿಕೊಂಡರೆ ಒಪ್ಪಿದ ಹಾಗೆ. ಒಲ್ಲೆ ಎನ್ನುವವರು ಎಲೆಯನ್ನು ಹಿಂದಿರುಗಿಸುತ್ತಾರೆ, ಕುರಿಯವರು ಬೇಜಾರಿಲ್ಲದೆ ಮುಂದಿನ ಹೊಲಕ್ಕೆ ಹೋಗುತ್ತಾರೆ. ಮುಂದೆ ಯಾವಾಗಲಾದರೂ ಮನಸ್ಸು ಬದಲಾದರೂ ಅಷ್ಟೆ, ಕೊಟ್ಟವರ ಕೈಗೆ ಎಲೆ ಅಡಿಕೆ ವಾಪಸು ಇಟ್ಟರೆ ಒಪ್ಪಿಗೆ ಮುಗಿಯಿತು. ಇದರಲ್ಲಿ ಕಾಗದವಿಲ್ಲ, ಸಾಕ್ಷಿಯಿಲ್ಲ, ಜಗಳವೂ ಇಲ್ಲ.

ಅದೇ ಪದ್ಧತಿಯಂತೆ ಓಬಮ್ಮ ಮೊದಲ ದಿನ ಸ್ಟೀಲಿನ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಬೀದಿಯಲ್ಲಿ ಹೊರಟಳು. ಗಾರ್ಮೆಂಟ್ಸಿನ ವಾಚ್‌ಮನ್ನನಿಗೆ ಕೊಟ್ಟಳು, ಅವನು ಅಗಿದ. ನನಗೆ ಕೊಟ್ಟಳು, ಊಟವಾಗಿತ್ತು, ನಾನೂ ಅಗಿದೆ. ಸೈಕಲ್ ಅಂಗಡಿಯವನು ಅಗಿದ, ಬೀಟಿನ ಪೊಲೀಸಿನವನು ಅಗಿದ. ಅದೇ ಹೊತ್ತಿಗೆ ಚರಂಡಿ ನೋಡಲು ಬಂದಿದ್ದ ಮುನ್ಸಿಪಲ್ ಆಫೀಸಿನ ಗುಮಾಸ್ತ ಪಂಚಾಕ್ಷರಯ್ಯನವರೂ, ಇದೇನು ಎತ್ತ ಎಂದು ಕೇಳದೆ, ದವಡೆಗೆ ಒತ್ತಿಕೊಂಡು ಹೋದರು. ಯಾವುದಕ್ಕೆ ಒಪ್ಪಿದೆವೆಂದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಓಬಮ್ಮನಿಗೆ ಮಾತ್ರ ಗೊತ್ತಿತ್ತು. ಅವಳ ಲೆಕ್ಕದಲ್ಲಿ ಅಂದು ಇಡೀ ಬೀದಿ ಅವಳಿಗೆ ಪರ್ಮಿಷನ್ ಕೊಟ್ಟಿತ್ತು.

ಅವಳ ಪಕ್ಕದಲ್ಲೇ ಇನ್ನೊಂದು ಗಾಡಿ, ಅವಳಿಗಿಂತ ಮುಂಚಿನದು. ಮಡಕಶಿರಾ ಕಡೆಯ ರೊಳ್ಳದಿಂದ ಬಂದ ಕೆಂಪಕ್ಕನದು. ಮುದ್ದೆ, ಬಸ್ಸಾರು. ಆ ಕಡೆಯಿಂದ ಹೊಲಿಗೆ ಕೆಲಸಕ್ಕೆ ಬಂದವರು ಮುದ್ದೆಗೆ, ನಮ್ಮ ಕಡೆಯವರು ಮಂಡಕ್ಕಿಗೆ, ಹೀಗೆ ಗಿರಾಕಿಗಳು ತಾವೇ ಗಡಿ ಹಾಕಿಕೊಂಡಿದ್ದರು. ಆದರೂ ಇಬ್ಬರಿಗೂ ಅಷ್ಟಕ್ಕಷ್ಟೆ. ಒಬ್ಬಳ ಹೊಗೆ ಇನ್ನೊಬ್ಬಳ ಕಡೆ ತಿರುಗಿದರೆ ಸಾಕು, ಗಾಳಿಯನ್ನು ಬಿಟ್ಟು ಪರಸ್ಪರರನ್ನು ಬೈದುಕೊಳ್ಳುತ್ತಿದ್ದರು. ಕೆಂಪಕ್ಕನ ಮುನಿಸಿಗೆ ಹೊಗೆಯಲ್ಲದೆ ಬೇರೆ ಕಾರಣವೂ ಇತ್ತೆಂದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಹೀಗೇ ಕೆಲವು ವರ್ಷ ಕಳೆದವು. ಮೊಬೈಲಿಗೆ ಇನ್ನೂ ಒತ್ತುವ ಗುಂಡಿಗಳಿದ್ದ ಕಾಲ. ಒಂದು ಬೆಳಿಗ್ಗೆ ಮುನ್ಸಿಪಲ್ ಆಫೀಸಿನ ಜವಾನ ಬೀದಿಯ ಗಾಡಿಗಳಿಗೆಲ್ಲ ಒಂದೊಂದು ನೋಟೀಸು ಹಂಚಿಕೊಂಡು ಹೋದ. ದಿನವೂ ರದ್ದಿ ಕಾಗದದಲ್ಲಿ ಮಿರ್ಚಿ ಕಟ್ಟುತ್ತಿದ್ದ ಕೈಗೆ ರದ್ದಿನ ಕಾಗದವೇ ಬಂತು. ಎಣ್ಣೆಯ ಬೆರಳಚ್ಚು ಬಿದ್ದ ಆ ನೋಟೀಸನ್ನು ಓಬಮ್ಮ ನನ್ನೆದುರು ಹರಡಿದಳು.

"ಏನ್ ಬರದಾರ ಓದ್ರಿ ಅಕ್ಕಾರ. ತೆಲುಗು ಮಾತಾಡ್ತೀನಿ ಖರೆ, ಅಕ್ಷರ ಬರಲ್ಲ ನನಗ."

ರಸ್ತೆ ಅಗಲ ಮಾಡುತ್ತಾರೆ. ಆದ್ದರಿಂದ ಈ ಬೀದಿಯಲ್ಲಿ ಗಾಡಿ ಇಡಲು ಕೊಟ್ಟಿದ್ದ 'ಅನುಮತುಲನ್ನಿಯು' ಮುಂದಿನ ತಿಂಗಳ ಒಂದನೇ ತಾರೀಖಿನಿಂದ 'ರದ್ದು ಚೇಯಡಮೈನದಿ', ಎಂದರೆ ಅನುಮತಿಗಳೆಲ್ಲವನ್ನೂ ರದ್ದು ಮಾಡಲಾಗಿದೆ. ಹಾಗೆ ಅನುಮತಿ ರದ್ದಾದವರಿಗೆ ನೀರಿನ ಟ್ಯಾಂಕಿನ ಪಕ್ಕ ಕಟ್ಟಿಸಿರುವ ಹೊಸ ಶೆಡ್ಡಿನಲ್ಲಿ ಜಾಗ ಕೊಡಲಾಗುತ್ತದೆ. ಉಳಿದವರು ಗಾಡಿ ಎತ್ತಿಕೊಂಡು ಹೋಗತಕ್ಕದ್ದು. ಇಷ್ಟನ್ನು ನಾನು ಕನ್ನಡದಲ್ಲಿ ಹೇಳಿದೆ. ಓಬಮ್ಮ ಅಳುತ್ತಾಳೋ ಬೈಯುತ್ತಾಳೋ ಎಂದು ಕಾದೆ. ಅವಳು ಯೋಚನೆಗೆ ಬಿದ್ದಳು.

"ರದ್ದು ಅಂದ್ರ ತಗದು ಹಾಕೋದಲ್ರಿ?"

"ಹೌದು."

"ಇಲ್ಲದ್ದನ್ನ ತಗದು ಹಾಕಾಕ ಬರ್ತೈತೇನ್ರಿ?"

"ಬರಲ್ಲ."

"ಹಂಗಾದ್ರ ನಂದು ಇತ್ತು ಅಂದಂಗಾತು." ಅವಳ ಮುಖ ಅರಳಿತು. "ನೋಡ್ರಿ, ಅವತ್ತಿನ ಎಲಿ ಅಡಕಿ ಎಲ್ಲಿ ಮಟ ಹೋಗಿ ಮುಟ್ಟೈತಿ. ಸರ್ಕಾರದ ಲೆಕ್ಕಕ್ಕ ಹತ್ತೈತಿ."

ಈ ತರ್ಕದಲ್ಲಿ ತೂತು ಎಲ್ಲಿದೆಯೆಂದು ನಾನು ಹುಡುಕುವಷ್ಟರಲ್ಲಿ ಅವಳು ನೋಟೀಸು ಮಡಿಚಿ ಸೊಂಟದ ಚೀಲಕ್ಕೆ ಸೇರಿಸಿ ಗಾಡಿಯ ಹತ್ತಿರ ಹೋಗಿಬಿಟ್ಟಿದ್ದಳು. ಅಂದು ಗಿರಾಕಿಗಳಿಗೆಲ್ಲ ಮಂಡಕ್ಕಿಯ ಮೇಲೆ ಖಾರದ ಪುಟಾಣಿ ಪುಡಿ ಒಂದು ಹಿಡಿ ಜಾಸ್ತಿ ಬಿತ್ತು. ಪರ್ಮಿಷನ್ ರದ್ದಾದದ್ದಕ್ಕೆ ಸಿಹಿ ಹಂಚದಿದ್ದರೂ ಖಾರವನ್ನಾದರೂ ಹಂಚಿದವಳು ರಾಯದುರ್ಗದಲ್ಲಿ ಇವಳೊಬ್ಬಳೇ ಇರಬೇಕು.

ಆ ಮಾತು ಅವಳ ನಾಲಿಗೆಗೆ ಹತ್ತಿಬಿಟ್ಟಿತು. 'ರದ್ದು ಚೇಯಡಮೈನದಿ' ಎನ್ನುವಾಗ ಅವಳ ಕತ್ತು ನೆಟ್ಟಗಾಗುತ್ತಿತ್ತು, ದನಿ ಆಫೀಸಿನ ಗೋಡೆಯಿಂದ ಬಂದಂತೆ ಬರುತ್ತಿತ್ತು. ಎಲೆ ಹಿಂದಿರುಗಿಸುವ ಕೆಲಸವೂ ಇಲ್ಲದೆ, ಮಾಡಿದವರು ಯಾರೆಂದೂ ಹೇಳದೆ ಒಂದು ಒಪ್ಪಿಗೆಯನ್ನು ಮುಗಿಸಿಬಿಡಬಹುದು ಎನ್ನುವುದು ಅವಳಿಗೆ ಹೊಸ ಸುಖ. ಮೊದಲ ಪೆಟ್ಟು ಬಿದ್ದದ್ದು ಜುಂಜಣ್ಣನ ಮೇಲೆ. ಅವನು ಬೆಳಗಿನ ಗಂಟುಗಳನ್ನು ಮುಟ್ಟಿಸಿ ಬಂದು ಎರಡನೇ ಚಾಕ್ಕೆ ಲೋಟ ಚಾಚಿದ.

"ನಿನ್ನ ಎರಡನೇ ಚಾ ರದ್ದು ಚೇಯಡಮೈನದಿ," ಎಂದಳು ಓಬಮ್ಮ.

"ಯಾಕ?"

"ಡಾಕ್ಟರು ಸಕ್ರಿ ಕಡಿಮಿ ಮಾಡಂತ ಹೇಳ್ಯಾರ. ಎಷ್ಟು ಸಲ ಹೇಳಿದ್ರೂ ಕೇಳಲಿಲ್ಲ ನೀನು. ಅದಕ್ಕ ರದ್ದು."

"ಕೊಡಂಗಿಲ್ಲ ಅಂತ ಹೇಳಬಾರದಾ? ತೆಲುಗುನಾಗ ಯಾಕ ಹೇಳ್ತಿ?"

"ಕೊಡಂಗಿಲ್ಲ ಅಂದ್ರ ನೀ ಇನ್ನೊಮ್ಮಿ ಕೇಳ್ತಿ. ಇದಕ್ಕ ತಿರುಗಿ ಕೇಳಾಕ ಬರಲ್ಲ."

ಜುಂಜಣ್ಣ ಖಾಲಿ ಲೋಟವನ್ನು ತಿರುಗಿಸಿ ನೋಡಿ, ಕುರಿ ಕಳಕೊಂಡವನ ಮುಖ ಮಾಡಿಕೊಂಡು ಗಾಡಿ ತಳ್ಳಿಕೊಂಡು ಹೋದ. ಅಲ್ಲಿಂದ ಮಾತು ಹಬ್ಬಿತು. ಮಂಜುಳಳ ಹೊಸ ಚಪ್ಪಲಿ, ವಾಚ್‌ಮನ್ನನ ಬೀಡಿ, ನೆರೆಮನೆಯ ಕೋಳಿಗಳು ಇವಳ ಅಂಗಳಕ್ಕೆ ಬರುವುದು, ಎಲ್ಲ ಸಾಲಾಗಿ ರದ್ದಾದವು. ವಾರದೊಳಗೆ ಗಾರ್ಮೆಂಟ್ಸಿನ ಒಳಗೂ ಹೊಕ್ಕು, ಜೇಬು ಹೊಲಿಯುವ ಹುಡುಗಿಯರು ಸೂಪರ್‌ವೈಸರನ ಬೆನ್ನ ಹಿಂದೆ "ಈವತ್ತು ಇವನ ಮೀಸಿ ರದ್ದು ಚೇಯಡಮೈನದಿ" ಎಂದು ನಗುತ್ತಿದ್ದರಂತೆ.

ಕೆಂಪಕ್ಕ ಒಬ್ಬಳೇ ನಗಲಿಲ್ಲ. ಅವಳ ಹತ್ತಿರ ನಿಜವಾದ ಪರ್ಮಿಷನ್ನಿತ್ತು. ಮೊಹರು ಬಿದ್ದದ್ದು, ಟ್ರಂಕಿನ ತಳದಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟದ್ದು.

"ರದ್ದು ರದ್ದು ಅಂತ ಕುಣೀತೀಯಲ್ಲಮ್ಮಿ," ಎಂದಳು ಮುದ್ದೆ ತಿರುವುತ್ತಾ. "ನಂದು ಕಾಗ್ದ ಐತೆ, ರದ್ದಾಯ್ತದೆ. ನಿಂದೇನೈತೆ ರದ್ದಾಗಾಕೆ?"

"ಬೀದಿ ಮಂದಿ ಎಲ್ಲಾ ಎಲಿ ಅಡಕಿ ಹಾಕ್ಕೊಂಡಾರ."

"ಎಲ್ಲಾರೂ ಆಕ್ಕಂಡವ್ರೆ. ಎಲ್ಲಾರೂ," ಎಂದು ಕೆಂಪಕ್ಕ ಆ ಮಾತನ್ನು ಎರಡು ಸಲ ಒತ್ತಿ ಹೇಳಿ, ಸಾರಿನ ಪಾತ್ರೆಯ ಮುಚ್ಚಳವನ್ನು ಬೇಕಾದದ್ದಕ್ಕಿಂತ ಜೋರಾಗಿ ಮುಚ್ಚಿದಳು.

ಕೆಂಪಕ್ಕನ ಮಾತು ಓಬಮ್ಮನಿಗೆ ಚುಚ್ಚಿರಬೇಕು. ಮರುದಿನ ಮಧ್ಯಾಹ್ನ ಒಲೆ ಆರಿಸಿ, ಮುಖ ತೊಳೆದು, ನನ್ನನ್ನೂ ಹೊರಡಿಸಿಕೊಂಡು ಮುನ್ಸಿಪಲ್ ಆಫೀಸಿಗೆ ಬಂದಳು. ಶೆಡ್ಡಿನಲ್ಲಿ ತನ್ನ ಜಾಗ ಯಾವುದೆಂದು ನೋಡಿಕೊಂಡು ಬರುವುದು ಅವಳ ಉದ್ದೇಶ. ಅಂದು ಬೀದಿಯಲ್ಲಿ ಎಲೆ ಅಡಿಕೆ ಅಗಿದು ಹೋಗಿದ್ದ ಗುಮಾಸ್ತ ಪಂಚಾಕ್ಷರಯ್ಯನವರು ಈಗ ಸೂಪರಿಂಟೆಂಡೆಂಟರಾಗಿದ್ದರು. ನನ್ನ ಅಂಗಡಿಯಿಂದಲೇ ಕೊಂಡ ಕಪ್ಪು ದಾರದಲ್ಲಿ ಕನ್ನಡಕ ಅವರ ಕೊರಳಿಗೆ ತೂಗುತ್ತಿತ್ತು. ರಿಜಿಸ್ಟರು ತೆಗೆಸಿ ಮೇಲಿನಿಂದ ಕೆಳಕ್ಕೆ ಬೆರಳಾಡಿಸಿದರು.

"ನಿನ್ನ ಹೆಸರಿಲೆ ಪರ್ಮಿಷನ್ನ ಇಲ್ಲವ್ವ."

"ಇಲ್ದ ಹ್ಯಾಂಗ್ರಿ ಅಯ್ನೋರ? ರದ್ದಾಗೈತಲ್ರಿ."

"ಇದ್ದವರದು ರದ್ದಾಗೈತಿ. ನಿಂದು ಇರಲಿಲ್ಲ."

"ನೀವ ಕೊಟ್ಟೀರಿ. ಎಲಿ ಅಡಕಿ ಹಾಕ್ಕೊಂಡಿದ್ರಲ್ರಿ ಅವತ್ತು. ಬೂದಿ ಬಣ್ಣದ ಅಂಗಿ ತೊಟ್ಟಿದ್ರಿ."

ಪಂಚಾಕ್ಷರಯ್ಯನವರಿಗೆ ಅಂಗಿಯ ನೆನಪಾಯಿತು. "ಹಾಕ್ಕೊಂಡಿದ್ದೆ. ಕೊಟ್ಟಿ, ಹಾಕ್ಕೊಂಡೆ. ಅದಕ್ಕೇನೀಗ?"

"ಉಗುಳಿದ್ರೇನ್ರಿ?"

"ಇಲ್ಲ, ನುಂಗಿದೆ."

"ಹಂಗಾದ್ರ ಇನ್ನೂ ನಿಮ್ಮೊಳಗ ಐತಿ ನೋಡ್ರಿ ನನ್ನ ಪರ್ಮಿಷನ್ನು. ರಿಜಿಸ್ಟರ್‌ದಾಗ ಯಾಕ ಹುಡುಕ್ತೀರಿ?"

ಪಕ್ಕದ ಮೇಜಿನವರು ಫೈಲು ಅಡ್ಡ ಹಿಡಿದು ನಕ್ಕರು. ಪಂಚಾಕ್ಷರಯ್ಯನವರು ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. ಕುರ್ಚಿ ತೋರಿಸಿ ಕೂರಿಸಿ, ನಿಧಾನವಾಗಿ ತಿಳಿಸಿ ಹೇಳಿದರು. ಎಲೆ ಅಡಿಕೆಗೆ ಮೊಹರು ಬೀಳುವುದಿಲ್ಲ. ಬಾಯಿ ಕೆಂಪಾದದ್ದೇ ಮೊಹರಲ್ಲವೇ ಎಂದು ಓಬಮ್ಮ ಕೇಳಿದಳು. ಅಲ್ಲ ಎಂದರು. ನೋಟೀಸು ನನಗೇಕೆ ಕೊಟ್ಟಿರಿ ಎಂದಳು. ಜವಾನ ಗಾಡಿ ಕಂಡಲ್ಲೆಲ್ಲ ಕೊಟ್ಟುಕೊಂಡು ಬಂದ ಎಂದರು. ಅನುಮತಿ ಇಲ್ಲದವರ ಗಾಡಿಯನ್ನು ಒಂದನೇ ತಾರೀಖು ಎತ್ತಿಸಲೇಬೇಕು, ಶೆಡ್ಡಿನಲ್ಲಿ ಜಾಗ ಕೊಡಲು ಬರುವುದಿಲ್ಲ, ಇದರಲ್ಲಿ ತನ್ನ ಕೈಯಲ್ಲಿ ಏನೂ ಇಲ್ಲ ಎಂದರು.

ವಾಪಸು ಗೇಟಿನ ಹತ್ತಿರ ಬಂದಾಗ ಓಬಮ್ಮ ಗಾಡಿಯ ಸಟ್ಟುಗವನ್ನು ಕೈಗೆತ್ತಿಕೊಂಡು ಹೇಳಿದಳು: "ಈ ಗಾಡಿ ಹೋದ್ರ ನಾ ಇಲ್ಲಿ ಏನಂತ ಇರಲ್ರಿ ಅಕ್ಕಾರ? ಮಗಳು ಒಳಗ ಹೊಲೀತಾಳ, ನಾ ಹೊರಗ ಕರೀತೀನಿ. ಮಧ್ಯಾಹ್ನಕ್ಕ ಆಕಿ ಗೇಟಿಗೆ ಬಂದು ಬಾಯಿ ತಗದ್ರ ಒಂದು ಮಿರ್ಚಿ ಇಡ್ತೀನಿ. ಊರಾಗ ಕುಂತು ಏನ್ ಇಡಲಿ?"

ಗಾಡಿಯ ಪಕ್ಕ ನಿಂತಿದ್ದ ಜುಂಜಣ್ಣನ ಮುಖದಲ್ಲಿ ಮಾತ್ರ ಒಂದು ಎಳೆ ಸಂತೋಷ ಮಿಂಚಿದ್ದನ್ನು ನಾನು ನೋಡಿದೆ. ಗಾಡಿ ಹೋದರೆ ಕುರಿ ಬರಬಹುದು ಎಂದು ಅವನ ಆಸೆ. ಹೆಂಡತಿ ತಿರುಗಿ ನೋಡಿದಳು. ಆ ಸಂತೋಷವೂ ಅಲ್ಲೇ ರದ್ದಾಯಿತು.

ಕೆಂಪಕ್ಕ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ಸೊಪ್ಪು ಬಿಡಿಸುತ್ತಿದ್ದಳು. ಸುಮ್ಮನಿರಬಹುದಿತ್ತು. ಇರಲಿಲ್ಲ.

"ಅಲ್ಲಮ್ಮಿ, ಮದ್ವೇನೇ ಆಗ್ದೆ ಬಿಡುಗಡೆ ಕೇಳಾಕೆ ಓಗಿದ್ಯಲ್ಲ, ಯಾರ್ ಕೊಟ್ಟಾರು?"

ಗಾಡಿಯ ಸುತ್ತ ಇದ್ದವರು ನಕ್ಕರು. ನನಗೂ ನಗು ಬಂತು, ಕೆಮ್ಮಿದೆ. ಓಬಮ್ಮ ನಗಲಿಲ್ಲ, ಬೈಯಲೂ ಇಲ್ಲ. ಸಟ್ಟುಗವನ್ನು ಬಾಣಲೆಯ ಅಂಚಿಗೆ ಒರಗಿಸಿ ಹೇಳಿದಳು:

"ಹಂಗಾದ್ರ ಮೊದಲ ಮದುವಿ ಮಾಡ್ಕೊಂಡ್ರಾತು."

ಮರುದಿನ ಪಂಚಾಕ್ಷರಯ್ಯನವರ ಮೇಜಿನ ಮುಂದೆ ನಾವಿಬ್ಬರೂ ಮತ್ತೆ ನಿಂತಿದ್ದೆವು.

"ಅಯ್ನೋರ, ನನಗೊಂದು ಪರ್ಮಿಷನ್ ಕೊಡ್ರಿ."

"ಎದಕ್ಕ?"

"ರದ್ದು ಮಾಡಾಕ್ರಿ."

ಅವರು ಕನ್ನಡಕ ತೆಗೆದು ದಾರದಲ್ಲಿ ಇಳಿಬಿಟ್ಟರು. "ಒಂದನೇ ತಾರೀಖು ಎಲ್ಲಾ ರದ್ದಾಗ್ತಾವ, ಗೊತ್ತೈತಲ್ಲ? ಈಗ ತಗೊಂಡು ಏನ್ ಮಾಡ್ತಿ?"

"ರದ್ದಾಗಲಿ ಅಂತನ ಕೇಳಾಕತ್ತೀನ್ರಿ. ಈವತ್ತು ಕೊಡ್ರಿ, ಎಲ್ಲಾರ ಜೊತಿಗೆ ನಂದೂ ರದ್ದು ಮಾಡ್ರಿ. ನಾ ಬ್ಯಾಡ ಅನ್ನಂಗಿಲ್ಲ, ಅಳಂಗಿಲ್ಲ."

ಪಂಚಾಕ್ಷರಯ್ಯನವರು ಛಾವಣಿ ನೋಡಿದರು, ನನ್ನನ್ನು ನೋಡಿದರು, ಆಮೇಲೆ ನಿಯಮದ ಪುಸ್ತಕ ತರಿಸಿ ನೋಡಿದರು. ಎಲ್ಲಿಯೂ ಅಡ್ಡಿಯಿರಲಿಲ್ಲ. ಒಂದನೇ ತಾರೀಖಿನವರೆಗೆ ಅನುಮತಿ ಕೊಡಬಹುದಿತ್ತು. ಸಾಯುವುದು ಗೊತ್ತಿರುವ ಅನುಮತಿಯನ್ನು ಯಾರೂ ಕೇಳಿಕೊಂಡು ಬಂದಿರಲಿಲ್ಲ, ಅಷ್ಟೆ. ಅರ್ಜಿ ನಾನು ಬರೆದೆ. ಆಫೀಸಿನವರೆಲ್ಲ ಒಬ್ಬೊಬ್ಬರಾಗಿ ಬಂದು ಬಗ್ಗಿ ನೋಡಿ ಹೋದರು.

"ಇನ್ನೊಂದು ಐತವ್ವ," ಎಂದರು ಪಂಚಾಕ್ಷರಯ್ಯನವರು. "ಪಕ್ಕದ ಗಾಡಿಯವರು ನಮ್ಮದೇನೂ ಅಡ್ಡಿ ಇಲ್ಲಂತ ಸಹಿ ಹಾಕಬೇಕು. ಪಕ್ಕದಾಗ ಯಾರದಾರ?"

ಓಬಮ್ಮನ ಮುಖ ಮತ್ತೆ ಇಳಿಯಿತು. "ಕೆಂಪಕ್ಕ ಅದಾಳ್ರಿ."

ಬೀದಿಗೆ ಬಂದ ಮೇಲೆ ಅವಳು ಗಾಡಿಯ ಹತ್ತಿರ ಹೋಗದೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಆ ಸಹಿಯನ್ನು ಬೇರೆ ಯಾರಾದರೂ ಹಾಕಿದರೆ ಆಗುವುದಿಲ್ಲವೇ ಎಂದು ಕೇಳಿದಳು. ಆಗುವುದಿಲ್ಲ ಎಂದೆ. ಜುಂಜಣ್ಣ ಕೇಳಿದರೆ ಆಗುವುದೇ ಎಂದಳು. ಜುಂಜಣ್ಣ ಆಗಲೇ ಗಂಟುಗಳ ಹಿಂದೆ ಮರೆಯಾಗಿದ್ದ. ಕೊನೆಗೆ ಎದ್ದು, ಸೆರಗು ಕೊಡವಿಕೊಂಡು, ನಾಲ್ಕೇ ಹೆಜ್ಜೆಯ ಆ ದಾರಿಯನ್ನು ನಡೆದು ಕೆಂಪಕ್ಕನ ಗಾಡಿಯ ಮುಂದೆ ನಿಂತಳು.

"ಕೆಂಪಕ್ಕ, ಒಂದು ಸಹಿ ಬೇಕಾಗಿತ್ತು."

"ಯಾತುಕ್ಕೆ?"

ಓಬಮ್ಮ ಹೇಳಿದಳು. ಕೆಂಪಕ್ಕ ಕೇಳುತ್ತಾ ಮುದ್ದೆಯನ್ನು ಉಂಡೆ ಮಾಡಿ, ನೀರಲ್ಲಿ ಕೈ ಅದ್ದಿ, ಇನ್ನೊಂದು ಉಂಡೆ ಮಾಡಿದಳು.

"ನಾನ್ಯಾಕಮ್ಮಿ ಆಕ್ಲಿ? ನಾನೇನ್ ಇಲ್ಲಿ ಲೆಕ್ಕದಾಗೈದೀನಾ?"

"ಹಂಗ್ಯಾಕಂತಿ?"

"ನೀನು ಬಂದಿದ್ ದಿನ ತಟ್ಟೆ ಇಟ್ಕಂಡು ಬೀದಿಯೆಲ್ಲಾ ತಿರುಗ್ದೆ. ವಾಚ್‌ಮನ್‌ಗೆ ಕೊಟ್ಟೆ. ಪೊಲೀಸ್ನೋನ್ಗೆ ಕೊಟ್ಟೆ. ಸೈಕಲ್ ಅಂಗಡಿಯೋನ್ಗೂ ಕೊಟ್ಟೆ. ಮಗ್ಗುಲಾಗೇ ನಿಂತಿದ್ದೆ ನಾನು. ನನ್ ಮುಂದಿಂದ್ಲೇ ತಟ್ಟೆ ಓಯ್ತು."

ಬೀದಿಯಲ್ಲಿ ಇಷ್ಟು ವರ್ಷ ತಿರುಗಿದ ಹೊಗೆಗೆ ಬೆಂಕಿ ಎಲ್ಲಿತ್ತೆಂದು ಆಗ ನಮಗೆ ತಿಳಿಯಿತು.

"ನಿನಗ ಬ್ಯಾಡಂತ ಬಿಟ್ಟಿದ್ದಲ್ಲ ಕೆಂಪಕ್ಕ," ಎಂದಳು ಓಬಮ್ಮ. "ಎಲಿ ಅಡಕಿ ಹೊಲದವರಿಗೆ ಕೊಡೋದು. ಇನ್ನೊಂದು ಕುರಿಹಿಂಡಿನವರಿಗೆ ಕೊಡಂಗಿಲ್ಲ ನಮ್ಮ ಕಡಿ. ಕುರಿಯವರು ಕುರಿಯವರನ್ನ ಏನಂತ ಕೇಳಬೇಕು? ನೀನೂ ನನ್ನಂಗ ಹೊರಗಿಂದ ಬಂದಾಕಿ, ನಮ್ಮಾಕಿ ಅನ್ಕೊಂಡೆ."

"ನಮ್ಮೋಳು ಅಂದ್ಕಂಡ್ರೆ ಬಾಯ್ಬಿಟ್ಟು ಯೋಳ್ಬೇಕು. ನಮ್ ಕಡೆ ಅಂಗೇ."

"ನಮ್ಮ ಕಡಿ ಹೇಳಂಗಿಲ್ಲ."

"ಅದುಕ್ಕೇ ನೋಡು, ಇಷ್ಟು ವರ್ಸ ಆಯ್ತು."

ಓಬಮ್ಮ ತನ್ನ ಗಾಡಿಗೆ ಹೋಗಿ ಸ್ಟೀಲಿನ ತಟ್ಟೆ ತೊಳೆದಳು. ಎಲೆ ಒರೆಸಿ, ತೊಟ್ಟು ಮುರಿದು, ಅಡಿಕೆ ಇಟ್ಟು, ಸುಣ್ಣದ ಡಬ್ಬಿ ಪಕ್ಕಕ್ಕಿಟ್ಟು ತಂದು ಎರಡೂ ಕೈಯಲ್ಲಿ ಚಾಚಿದಳು. ಗೇಟಿನ ಹುಡುಗಿಯರು, ವಾಚ್‌ಮನ್, ನಾನು, ಎಲ್ಲರೂ ನೋಡುತ್ತಿದ್ದೆವು. ಕೆಂಪಕ್ಕನಿಗೆ ಅದು ಗೊತ್ತಿತ್ತು. ಕೈ ತೊಳೆದುಕೊಂಡಳು, ಸೆರಗಿಗೆ ಒರೆಸಿಕೊಂಡಳು, ಎಲೆಗೆ ಸುಣ್ಣ ಸವರಿದಳು, ಸಾಲದೆಂದು ಇನ್ನಷ್ಟು ಸವರಿದಳು, ಮಡಿಚಿದಳು, ಬಾಯಿಗಿಟ್ಟಳು. ಇಷ್ಟು ವರ್ಷದ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ಅಗಿಯುವವಳಂತೆ ನಿಧಾನವಾಗಿ ಅಗಿದಳು.

"ಅಡಿಕೆ ಅಳೇದು," ಎಂದಳು ಕೊನೆಗೆ. "ತಗಂಬಾ ಕಾಗ್ದ."

ಪರ್ಮಿಷನ್ ಬಂದದ್ದು ತಿಂಗಳ ಕೊನೆಯ ವಾರದಲ್ಲಿ. ಓಬಮ್ಮ ಅದನ್ನು ಮನೆಗೂ ಒಯ್ಯಲಿಲ್ಲ. ನನ್ನ ಅಂಗಡಿಯ ಕಪಾಟಿನಲ್ಲಿ ಜಿಪ್ಪಿನ ಡಬ್ಬಿಗಳ ನಡುವೆ ಇಟ್ಟು, ಇದು ನೆಂಟರ ಹಾಗೆ, ನಾಲ್ಕು ದಿನ ಇದ್ದು ಹೋಗುವುದು ಎಂದಳು. ಒಂದನೇ ತಾರೀಖು ಬೀದಿಯ ಗಾಡಿಯವರೆಲ್ಲ ಸಪ್ಪೆ ಮೋರೆ ಹಾಕಿಕೊಂಡು ಆಫೀಸಿಗೆ ಹೊರಟರೆ, ಓಬಮ್ಮ ಹಸಿರು ಸೀರೆ ಉಟ್ಟು, ಜುಂಜಣ್ಣನಿಗೂ ತೊಳೆದ ಅಂಗಿ ತೊಡಿಸಿಕೊಂಡು ಹೊರಟಳು. ಕೆಂಪಕ್ಕ ಅವಳ ಪಕ್ಕದಲ್ಲೇ ನಡೆದಳು.

ಪಂಚಾಕ್ಷರಯ್ಯನವರು ಒಬ್ಬೊಬ್ಬರ ಹೆಸರು ಕರೆದು, ಹಳೆಯ ಅನುಮತಿಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಶೆಡ್ಡಿನ ಚೀಟಿ ಕೊಡುತ್ತಿದ್ದರು. ಓಬಮ್ಮನ ಸರದಿ ಬಂತು. ಮಡಿಕೆಯೂ ಬೀಳದ ಹೊಸ ಕಾಗದದ ಮೇಲೆ ಕೆಂಪು ಗೆರೆ ಬಿತ್ತು.

"ರದ್ದಾತವ್ವ. ಖುಷಿ ಆತಿಲ್ಲ?"

"ಇನ್ನೂ ಅರ್ಧ ಆಗೈತ್ರಿ."

"ಅರ್ಧ ಹ್ಯಾಂಗ?"

"ಇದು ಕಾಗದದ್ದು ರದ್ದಾತು. ನಿಮ್ಮೊಳಗ ಒಂದೈತಲ್ರಿ, ಮೊದಲಿಂದು. ಅದು ಹಂಗ ಉಳದ್ರ ನನಗ ಎರಡು ಜಾಗ ಆಗ್ತಾವ. ಅನ್ಯಾಯದ್ದು ಬ್ಯಾಡ್ರಿ. ನೀವು ಎಲಿ ಅಡಕಿ ವಾಪಸು ಕೊಟ್ರ ಎಲ್ಲಾ ಚೊಕ್ಕ ಆಗತೈತಿ."

ಸಾಲಿನಲ್ಲಿ ಹಿಂದಿದ್ದವರು ಸಪ್ಪೆ ಮೋರೆಯನ್ನು ಮರೆತರು. ಪಂಚಾಕ್ಷರಯ್ಯನವರು ತಲೆ ಕೆರೆದುಕೊಂಡು ಜವಾನನನ್ನು ಬೀಡಾ ಅಂಗಡಿಗೆ ಓಡಿಸಿದರು. ಅವನು ತಂದ ಎಲೆ ಅಡಿಕೆಯನ್ನು ಅವರು ಎದ್ದು ನಿಂತು ಓಬಮ್ಮನ ಕೈಗೆ ಇಟ್ಟರು. ಅವರ ಸರ್ವೀಸಿನಲ್ಲಿ ರದ್ದಾದ ಅನುಮತಿಗಳು ಎಷ್ಟೋ, ಆದರೆ ಕೈ ಜೋಡಿಸಿ ನಕ್ಕುಕೊಂಡು ರದ್ದು ಮಾಡಿಸಿಕೊಂಡು ಹೋದವರು ಇವಳೊಬ್ಬಳೇ ಎಂದು ಆಮೇಲೆ ನನಗೆ ಹೇಳಿದರು.

ನೀರಿನ ಟ್ಯಾಂಕಿನ ಪಕ್ಕದ ಶೆಡ್ಡು ಗಾರ್ಮೆಂಟ್ಸಿನ ಹಿಂದಿನ ಗೇಟಿಗೆ ಎದುರು ಬರುತ್ತದೆ. ಬಿಸಿಲು ಕಡಿಮೆ, ನಲ್ಲಿ ಹತ್ತಿರ. ಮುದ್ದೆ ಈ ಮೂಲೆಗೆ, ಮಂಡಕ್ಕಿ ಅದರ ಪಕ್ಕಕ್ಕೆ. ಮೊದಲ ದಿನ ಒಲೆ ಹಚ್ಚುವ ಮುನ್ನ ಓಬಮ್ಮ ತಟ್ಟೆ ಹಿಡಿದು ಹೊರಟಳು. ಈ ಸಲ ಮೊದಲ ಎಲೆ ಹೋದದ್ದು ಕೆಂಪಕ್ಕನಿಗೆ. "ಇದುನ್ನೇನ್ ಕೇಳೋದೇ, ನಮ್ಮೋಳೇ ಅಲ್ವಾ" ಎನ್ನುತ್ತಲೇ ಕೆಂಪಕ್ಕ ತೆಗೆದುಕೊಂಡಳು. ಆಮೇಲೆ ವಾಚ್‌ಮನ್, ನಾನು, ನಲ್ಲಿಯ ನೀರು ಬಿಡುವವನು. ಶೆಡ್ಡು ನೋಡಲು ಬಂದಿದ್ದ ಪಂಚಾಕ್ಷರಯ್ಯನವರ ಮುಂದೆಯೂ ತಟ್ಟೆ ನಿಂತಿತು. ಅವರು ಎಲೆಯನ್ನು ಅಂಗೈಯಲ್ಲಿಟ್ಟುಕೊಂಡು, ಕನ್ನಡಕ ಏರಿಸಿ, ಎರಡೂ ಮಗ್ಗುಲು ತಿರುಗಿಸಿ ಪರೀಕ್ಷೆ ಮಾಡಿದರು.

"ಓಬಮ್ಮ, ಇದನ್ನ ಹಾಕ್ಕೊಂಡ್ರ ಏನೇನ್ ಆಗತೈತಿ, ಮೊದಲ ಹೇಳಿಬಿಡು."

"ಏನಿಲ್ರಿ ಅಯ್ನೋರ. ಇಲ್ಲಿಂದ ನನ್ನ ಎಬ್ಬಿಸಬೇಕಂದ್ರ ನೀವು ತಿರುಗಿ ಎಲಿ ಕೊಡಾಕ ಬರಬೇಕಾಗತೈತಿ, ಅಷ್ಟ."

ಅವರು ಅಡಿಕೆಯನ್ನು ಮೊದಲು, ಎಲೆಯನ್ನು ಆಮೇಲೆ, ಎಲ್ಲವನ್ನೂ ತಿಳಿದ ಮನುಷ್ಯ ಸಹಿ ಹಾಕುವ ಹಾಗೆ ದವಡೆಗೆ ಸೇರಿಸಿದರು.

ಮಧ್ಯಾಹ್ನ ಮಂಜುಳ ಹಿಂದಿನ ಗೇಟಿಗೆ ಬಂದು ಬಾಯಿ ತೆರೆದಳು, ಮಿರ್ಚಿ ಬಿತ್ತು. ಜನ ಕರಗಿದ ಮೇಲೆ ಜುಂಜಣ್ಣ ಕೈಗಾಡಿ ನಿಲ್ಲಿಸಿ ಬಂದ. ಖಾಲಿ ಲೋಟವನ್ನು ಗಾಡಿಯ ಅಂಚಿಗಿಟ್ಟ. ಜೇಬಿನಿಂದ ಒಂದು ಎಲೆ, ಒಂದು ಚೂರು ಅಡಿಕೆ ತೆಗೆದು ಹೆಂಡತಿಯ ಮುಂದೆ ಹಿಡಿದ.

"ಏನಿದು?" ಎಂದಳು ಓಬಮ್ಮ.

"ಎರಡನೇ ಚಾ."

ಅವಳು ಎಲೆಯನ್ನು ನೋಡಿದಳು, ಅವನನ್ನು ನೋಡಿದಳು. ಪಕ್ಕದಲ್ಲಿ ಕೆಂಪಕ್ಕ ಮುದ್ದೆ ಕೋಲನ್ನು ನಿಲ್ಲಿಸಿ ಕಾಯುತ್ತಿದ್ದಳು.

"ಸಕ್ರಿ ಇಲ್ದ ಕೊಡ್ತೀನಿ," ಎಂದು ಹೇಳಿ ಓಬಮ್ಮ ಎಲೆಯನ್ನು ಬಾಯಿಗೆ ಹಾಕಿಕೊಂಡಳು.